ನೀಲಿ ಬೆಳಕಿಗೂ ಕರೆಂಟು ಬಂತು

ಕೊನೆಗೂ ಬಂತು! ಬೆಳಕು ಹೀರಿ ನೀರಿನಿಂದ ಆಕ್ಸಿಜನ್ ಬಿಡಿಸುವ ಅರೆವಾಹಕ ಬಿಸ್ಮತ್ ವನಾಡೇಟ್. ನೀರಿನಲ್ಲಿಟ್ಟ ಅದರ ಪದರಕ್ಕೆ 450 ನ್ಯಾನೋಮೀಟರಿನ ನೀಲಿ ಎಲ್‌ಇಡಿ ಹಿಡಿದರೆ ಮೀಟರಿನ ಮುಳ್ಳು ಏಳುತ್ತದೆ, ನಡುವೆ ಕೈ ಅಡ್ಡ ಇಟ್ಟರೆ ಕೂತುಬಿಡುತ್ತದೆ. ಬಿಸ್ಮತ್ ನೈಟ್ರೇಟು, ಅಮೋನಿಯಂ ಮೆಟಾವನಾಡೇಟು ಬೆರೆಸಿ ಪುಡಿ ಇಳಿಸುವುದು, ಕರೆಂಟು ಹರಿಯುವ ಪಾರದರ್ಶಕ ಲೇಪವಿರುವ ಎಫ್‌ಟಿಒ ಗಾಜಿಗೆ ಬಳಿಯುವುದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಹಳೆಯ ಪದರ 405ರ ನೇರಳೆ ಎಲ್‌ಇಡಿಗೆ ಅಷ್ಟೋ ಇಷ್ಟೋ ಕರೆಂಟು ಕೊಡುತ್ತಿತ್ತು. ನೀಲಿಗೆ ಮಿಸುಕುತ್ತಲೇ ಇರಲಿಲ್ಲ. ಬೆಳಕು ಬಿದ್ದು ಎದ್ದ ಎಲೆಕ್ಟ್ರಾನು ಬಿಟ್ಟುಹೋದ ಖಾಲಿ ಜಾಗಗಳು, ಅಂದರೆ ಹೋಲ್‌ಗಳು, ಮೇಲ್ಮೈವರೆಗೆ ಬಂದು, ನೀರಿನಿಂದ ಎಲೆಕ್ಟ್ರಾನು ಕಸಿಯುವಷ್ಟರಲ್ಲಿ ನಾಶವಾಗುತ್ತಿವೆಯೇ ಎಂದು ನೋಡಲು ಸೋಡಿಯಂ ಸಲ್ಫೈಟ್ ಹಾಕಿದೆ. ಸಲ್ಫೈಟ್ ಹೋಲ್‌ಗಳನ್ನು ಬಂದಹಾಗೇ ನುಂಗಿಬಿಡುತ್ತದೆ, ತಕರಾರು ಮೇಲ್ಮೈಯದಾಗಿದ್ದರೆ ಕರೆಂಟು ಏರಲೇಬೇಕು. ನೇರಳೆಗೆ ಏರಿತು, ನೀಲಿಗೆ ಇಲ್ಲ. ಅಂದರೆ ನೀಲಿ ಬೆಳಕು ಒಳಗೆ ಚಾರ್ಜನ್ನೇ ಹುಟ್ಟಿಸುತ್ತಿಲ್ಲ.

ಲೆಕ್ಕ ಹಾಕಿದರೆ ಎಲ್ಲ ಅಲ್ಲೇ ಇತ್ತು. 450ರ ಬೆಳಕಿನ ಒಂದು ಕಣದಲ್ಲಿ, ಅಂದರೆ ಫೋಟಾನಿನಲ್ಲಿ, ಇರುವ ಶಕ್ತಿ ಸುಮಾರು 2.76 ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನು ಎಬ್ಬಿಸಲು ಬಿಸ್ಮತ್ ವನಾಡೇಟ್‌ನ ಮಾನೋಕ್ಲಿನಿಕ್ ಶೀಲೈಟ್ ಎಂಬ ಹರಳು ರೂಪಕ್ಕೆ 2.4 ಸಾಕು. ತಣ್ಣನೆಯ ದ್ರಾವಣದಲ್ಲಿ ಇಳಿಯುವ ಟೆಟ್ರಾಗೋನಲ್ ಜಿರ್ಕಾನ್ ರೂಪಕ್ಕೆ 2.9 ಬೇಕು. ಗಾಜಿನ ಮೇಲೆ ಉಳಿದಿದ್ದು ಆ ಜಿರ್ಕಾನೇ! ಸೂತ್ರ ಒಂದೇ, ಪರಮಾಣುಗಳೂ ಅವೇ, ಕೂತ ರೀತಿ ಬೇರೆ. ಎರಡರಲ್ಲೂ ಎಲೆಕ್ಟ್ರಾನು ಏರುವುದು ವನಾಡಿಯಂನ 3ಡಿ ಎಂಬ ಶಕ್ತಿಮಟ್ಟಕ್ಕೆ. ಜಿರ್ಕಾನಿನಲ್ಲಿ ಅದು ಹೊರಡುವುದು ಆಕ್ಸಿಜನ್‌ನ 2ಪಿ ಮಟ್ಟದಿಂದ. ಮಾನೋಕ್ಲಿನಿಕ್‌ನಲ್ಲಿ ಬಿಸ್ಮತ್ ಸುತ್ತಲಿನ ಆಕ್ಸಿಜನ್‌ಗಳು ಸೊಟ್ಟಗೆ ಕೂರುತ್ತವೆ, ಬಿಸ್ಮತ್‌ನ 6ಎಸ್ ಎಲೆಕ್ಟ್ರಾನ್ ಜೋಡಿ ಅವುಗಳೊಂದಿಗೆ ಬೆರೆತು, ಎಲೆಕ್ಟ್ರಾನುಗಳು ತುಂಬಿರುವ ವೇಲೆನ್ಸ್ ಪಟ್ಟಿಯ ನೆತ್ತಿಯನ್ನು ಮೇಲೆತ್ತುತ್ತದೆ. ಎಲೆಕ್ಟ್ರಾನು ಹತ್ತಬೇಕಾದ ಎತ್ತರ ಅಷ್ಟು ತಗ್ಗಿತು. ಜಪಾನಿನ ಅಕಿಹಿಕೋ ಕುಡೋ ತಂಡ 1999ರಲ್ಲೇ ಎರಡೂ ರೂಪಗಳನ್ನು ಹೋಲಿಸಿ, ಗೋಚರ ಬೆಳಕಿನಲ್ಲಿ ಆಕ್ಸಿಜನ್ ಬಿಡಿಸುವುದರಲ್ಲಿ ಮಾನೋಕ್ಲಿನಿಕ್ ಎಷ್ಟೋ ಮುಂದೆ ಎಂದು ತೋರಿಸಿತ್ತು. ಹರಳಿನ ರೂಪ ಗುರುತಿಸುವ ಎಕ್ಸ್‌ರೇ ಯಂತ್ರವಿಲ್ಲದ ನಮ್ಮಂಥವರಿಗೆ ಎರಡು ಎಲ್‌ಇಡಿಯ ಈ ಪರೀಕ್ಷೆಗಿಂತ ಒಳ್ಳೆಯದು ನನಗೆ ತಿಳಿದಿಲ್ಲ.

ಆದರೆ ಚೆನ್ನಾಗಿ ಬೇಯಿಸಿದರೆ ಜಿರ್ಕಾನ್ ಮಾನೋಕ್ಲಿನಿಕ್‌ಗೆ ತಿರುಗಬೇಕು. ಪದರ ಬೇಯಿಸಿದಾಗ ಕುಲುಮೆಯ ಫಲಕ 450 ಡಿಗ್ರಿ ತೋರಿಸುತ್ತಿತ್ತಲ್ಲ, ಜಿರ್ಕಾನ್ ಉಳಿದದ್ದು ಹೇಗೆ? ಉಷ್ಣತೆ ಅಳೆಯುವ ಬೇರೊಂದು ಥರ್ಮೋಕಪಲ್ ತಂದು ತುದಿಯನ್ನು ಗಾಜಿಗೇ ತಾಗಿಸಿದೆ. 400 ಕೂಡ ಮುಟ್ಟಿರಲಿಲ್ಲ! ಕುಲುಮೆ ಮಾರಿದವರು ಸಂವೇದಕವನ್ನು ಹೀಟರ್ ಸುರುಳಿಗೆ ಅಂಟಿಸಿದಂತೆ ಕೂರಿಸಿದ್ದಾರೆ. ದೂರಿದರೆ ‘ಫಲಕ ಸರಿಯಾಗಿಯೇ ಇದೆ’ ಅನ್ನುವ ಉತ್ತರ. ಬೇಯಬೇಕಾದ್ದು ಗಾಜಲ್ಲವೇ, ಸ್ವಾಮಿ?

ಸಂವೇದಕವನ್ನು ಗಾಜಿನ ಪಕ್ಕಕ್ಕೆ ಸರಿಸಿ ನಿಜವಾದ 450 ಡಿಗ್ರಿಯಲ್ಲಿ ಬೇಯಿಸಿದೆ. ಬಾಗಿಲು ತೆಗೆದಾಗ ಪದರ ಕಿತ್ತಳೆ ಬಣ್ಣದಲ್ಲಿತ್ತು, ತಣಿಯುತ್ತ ತಣಿಯುತ್ತ ಕಣ್ಣಿಗೆ ಹೊಡೆಯುವ ಹಳದಿಗೆ ಇಳಿಯಿತು. ಹಿಂದಿನ ಮಾಸಲು ಹಳದಿಯ ಸುಳಿವೇ ಇಲ್ಲ.

ಈಗ ಇನ್ನೊಂದು ಗಂಟು. ಪದರದ ಕಡೆಯಿಂದ ಬೆಳಕು ಬಿಟ್ಟದ್ದಕ್ಕಿಂತ ಗಾಜಿನ ಕಡೆಯಿಂದ ಬಿಟ್ಟರೆ ಕರೆಂಟು ಜಾಸ್ತಿ. ಎಲೆಕ್ಟ್ರಾನು ಎಫ್‌ಟಿಒ ಹತ್ತಿರವೇ ಹುಟ್ಟಿದರೆ ಬದುಕುತ್ತದೆ, ದೂರ ಹುಟ್ಟಿದರೆ ದಾರಿಯಲ್ಲೇ ಕಳೆದುಹೋಗುತ್ತದೆ. ಇದೂ ಸ್ಫಟಿಕದ್ದೇ ಕೆಲಸ: ವನಾಡಿಯಂ ಮೇಲೆ ಕೂತ ಎಲೆಕ್ಟ್ರಾನು ಸುತ್ತಲ ಜಾಲವನ್ನು ಡೊಂಕು ಮಾಡಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅಲ್ಲಿಂದ ಪಕ್ಕದ ವನಾಡಿಯಂಗೆ ಹಾರಿ ಹಾರಿಯೇ ಸಾಗಬೇಕು. ಹಾಗಾಗಿ ಎಲೆಕ್ಟ್ರಾನಿನ ಸಾಗಾಟ ಸುಧಾರಿಸಲು ಮುಂದಿನ ಸಲ ಸ್ವಲ್ಪ ಮಾಲಿಬ್ಡಿನಂ ಸೇರಿಸುತ್ತೇನೆ.

ಅದರ ನಡುವೆಯೇ ತಲೆಯಲ್ಲಿ ಬೆಳಕಿನಿಂದ ನೀರು ಒಡೆಯುವ ಇನ್ನೊಂದು ವಸ್ತು, ಸ್ಟ್ರಾಂಷಿಯಂ ಟೈಟನೇಟ್, ಓಡುತ್ತಿದೆ. 2020ರಲ್ಲಿ ಬಂದ ಅಲ್ಯುಮಿನಿಯಂ ಬೆರೆತ ಹರಳುಗಳಲ್ಲಿ ಎಲೆಕ್ಟ್ರಾನು ಒಂದು ಬಗೆಯ ಮುಖಕ್ಕೆ, ಹೋಲು ಇನ್ನೊಂದಕ್ಕೆ ಹೋಗುತ್ತದೆ. ಆಯಾ ಮುಖದ ಮೇಲೆ ಕ್ರಿಯೆಗೆ ನೆರವಾಗುವ ಸಹವೇಗವರ್ಧಕ ಕೂರಿಸಿ, 350–360 ನ್ಯಾನೋಮೀಟರಿನಲ್ಲಿ 96%ವರೆಗೆ ಕ್ವಾಂಟಂ ದಕ್ಷತೆ (ಬಿದ್ದ ಫೋಟಾನುಗಳಲ್ಲಿ ಕೆಲಸಕ್ಕೆ ಬಂದವುಗಳ ಪಾಲು) ತೆಗೆದರು! ಅದಕ್ಕೆ ಅತಿನೇರಳೆ ಬೆಳಕೇ ಬೇಕು, ಇರಲಿ. ಕರಗಿದ ಸ್ಟ್ರಾಂಷಿಯಂ ಕ್ಲೋರೈಡಿನಲ್ಲಿ ಆ ಹರಳು ಬೆಳೆಸಿದವರು ಯಾರಾದರೂ ಇದ್ದರೆ, ಯಾವ ಮೂಸೆ ಬಳಸಿದಿರಿ ಎಂದು ಬರೆಯಿರಿ. ಮಾಲಿಬ್ಡಿನಂ ಪದರ ಒಲೆಗೆ ಹೋಗುವ ಮುಂಚೆಯೇ ಆ ಮೂಸೆ ತರಿಸಿಟ್ಟುಕೊಳ್ಳುತ್ತೇನೆ.