ಚೀಲದ ಕಲ್ಲು, ಹೊಳೆಯ ಕಲ್ಲು

ಪುಣೆಯ ಕೋಥ್ರೂಡಿನ ಒಂದು ಸಣ್ಣ ಆಫೀಸಿನಲ್ಲಿ ನನ್ನ ಕೆಲಸ. ಕೂತಿರುವುದು ಇಲ್ಲಿ, ಲೆಕ್ಕ ಹಾಕುವುದು ಹಿಮಾಚಲದ ಹೊಳೆಗಳದ್ದು. ಪ್ರವಾಹ ಬಂದಾಗ ತಳದ ಕಲ್ಲು ಎಷ್ಟು ಉರುಳಿ ಬರುತ್ತದೆ ಅಂತ ಹೇಳಬೇಕು.

ಕೆಲಸಕ್ಕೆ ಸೇರಿದ ಹೊಸತು. ಸೈಟಿನಿಂದ ನಾಲ್ಕು ಚೀಲ ಕಲ್ಲು ಬಂತು. ಜರಡಿ ಹಿಡಿಸಿ ನೋಡಿದೆ, ನಡುಗಾತ್ರ (ಅರ್ಧ ಪಾಲು ಇದಕ್ಕಿಂತ ಸಣ್ಣದು, ಅರ್ಧ ದೊಡ್ಡದು) 20 ಮಿಲಿಮೀಟರ್. ತಳದ ಕಲ್ಲು ಎಷ್ಟು ಸಾಗುತ್ತದೆ ಅಂತ ಹೇಳುವ 1948ರ ಮೇಯರ್-ಪೀಟರ್ ಮತ್ತು ಮ್ಯುಲರ್ ಸೂತ್ರಕ್ಕೆ ಹಾಕಿದೆ. ಬಂದ ಉತ್ತರ ನಂಬಿದರೆ, ಅಲ್ಲಿ ಕಟ್ಟಬೇಕಿದ್ದ ಪುಟ್ಟ ಒಡ್ಡು ಒಂದೇ ಮಳೆಗಾಲಕ್ಕೆ ಕಲ್ಲು ತುಂಬಿ ಮುಚ್ಚಿಹೋಗಬೇಕು! ಆದರೂ ಸುಮ್ನೆ ವರದಿ ಬರೆದುಬಿಟ್ಟೆ.

ನಮ್ಮ ಆಫೀಸಿನ ಹಿರಿಯರು ಧಾರವಾಡದವರು. ಓದಿ ಕನ್ನಡಕ ತೆಗೆದರು.

"ತಮ್ಮಾ, ಈ ಕಲ್ಲು ಎಲ್ಲಿಂದ ತುಂಬಿಸ್ಯಾರ?"

"ದಂಡೆಯಿಂದ ಸರ್, ಸಲಿಕೆಯಿಂದ ಅಗೆದು."

"ಬಾ, ಹೊರಗ ಬಾ."

ಪಕ್ಕದಲ್ಲಿ ಕಟ್ಟಡ ಏಳುತ್ತಿತ್ತು. ವಾರವಿಡೀ ಮಳೆಗೆ ನೆಂದ ಖಡಿ ರಾಶಿ. ಮೇಲೆಲ್ಲ ತೊಳೆದಿಟ್ಟ ಹಾಗೆ ದಪ್ಪ ಖಡಿ. ಅವರು ಚಪ್ಪಲಿ ತುದಿಯಿಂದ ಕೆದಕಿದರು. ಒಳಗೆ ಪುಡಿಯೋ ಪುಡಿ.

"ನೀರಿಗೆ ಮೊದಲ ಸಿಗೂದು ಯಾವುದು?"

ಅಲ್ಲಿಗೆ ಅರ್ಥವಾಯಿತು. ಹೊಳೆಯೂ ಹೀಗೇ. ಸಣ್ಣದನ್ನು ನೀರು ಒಯ್ದಿರುತ್ತದೆ, ಇಲ್ಲವೇ ಅದು ದೊಡ್ಡ ಕಲ್ಲುಗಳ ಸಂದಿಯಲ್ಲಿ ಅವಿತಿರುತ್ತದೆ. ಮೇಲೆ ದಪ್ಪ ಕಲ್ಲಿನ ಕವಚ ಉಳಿಯುತ್ತದೆ. ನಾನು ಕವಚ ಬಿಟ್ಟು ಹೊಟ್ಟೆ ಅಳೆದಿದ್ದೆ.

ನವೆಂಬರಿನಲ್ಲಿ ನೀರು ಇಳಿದ ಮೇಲೆ ನಾನೇ ಹೋದೆ. 1954ರಿಂದ ಬಳಕೆಯಲ್ಲಿರುವ ವೊಲ್ಮನ್ ಪದ್ಧತಿ: ತಳ ನೋಡದೆ ಹೆಜ್ಜೆ ಇಡು, ಬೂಟಿನ ತುದಿಗೆ ಬೆರಳು ಇಳಿಸಿ ಮೊದಲು ತಾಗಿದ ಕಲ್ಲನ್ನು ಎತ್ತು. ಉದ್ದವೂ ಅಲ್ಲ, ದಪ್ಪವೂ ಅಲ್ಲ, ನಡುವಿನ ಅಗಲ ಅಳೆ. ಹೀಗೆ ನೂರು ಕಲ್ಲು. ಮೂವತ್ತಕ್ಕೇ ಬೆರಳು ಮರಗಟ್ಟಿದವು. ಚಂದದ ಕಲ್ಲನ್ನೇ ಎತ್ತೋಣ ಅನ್ನಿಸುತ್ತದೆ, ಅದೇ ದೊಡ್ಡ ಮೋಸ. ನಡುಗಾತ್ರ 60 ಮಿಲಿಮೀಟರ್ ಬಂತು.

ಈಗ ಲೆಕ್ಕ ನೋಡಿ. 2 ಮೀಟರ್ ನೀರು, 1000ಕ್ಕೆ 2.5ರ ಇಳಿಜಾರು. ನೀರು ತಳವನ್ನು ಎಳೆಯುವ ಬಲ ಚದರ ಮೀಟರಿಗೆ 49 ನ್ಯೂಟನ್. ಆ ಸೂತ್ರದ ಪ್ರಕಾರ 20ರ ಕಲ್ಲು ಅಲುಗಲು 15 ನ್ಯೂಟನ್ ಸಾಕು, 60ರದ್ದಕ್ಕೆ 46 ಬೇಕು. ಮಿಕ್ಕುವ ಬಲ ಒಂದು ಕಡೆ 34, ಇನ್ನೊಂದು ಕಡೆ ಮೂರು ಚಿಲ್ಲರೆ. ಸೂತ್ರದಲ್ಲಿ ಸಾಗುವ ಕಲ್ಲು ಏರುವುದು ಮಿಕ್ಕ ಬಲದ ಒಂದೂವರೆ ಘಾತದಂತೆ, ಹಾಗಾಗಿ ಬಲ ಹತ್ತು ಪಟ್ಟಾದರೆ ಸಾಗುವ ಕಲ್ಲಿನಲ್ಲಿ ವ್ಯತ್ಯಾಸ ಸುಮಾರು 30 ಪಟ್ಟು! ಅಷ್ಟೂ ನನ್ನ ತಪ್ಪು. ಅದೇ 60ರ ಕಲ್ಲಿಗೆ ನೀರು ಬರೀ 30 ಸೆಂಟಿಮೀಟರ್ ಏರಿದರೆ ಸಾಗುವ ಕಲ್ಲು ಐದೂವರೆ ಪಟ್ಟಾಗುತ್ತದೆ. ಒಂದೇ ನಂಬರ್ ಕೊಡಿ ಅಂತ ಕೇಳುವವರಿಗೆ ಈಗ ಇದನ್ನೇ ತೋರಿಸುತ್ತೇನೆ.

ಆ ನಾಲ್ಕು ಚೀಲ ಇನ್ನೂ ಮೆಟ್ಟಿಲ ಕೆಳಗಿವೆ. ಎಸೆಯಲು ಹೋದಾಗ ಹಿರಿಯರೇ ತಡೆದರು. ದೊಡ್ಡ ಪ್ರವಾಹಕ್ಕೆ ಕವಚ ಕಿತ್ತುಹೋದರೆ ನೀರಿಗೆ ಸಿಗುವುದು ಆ ಹೊಟ್ಟೆಯೇ ಅಲ್ವಾ? ವರದಿಯಲ್ಲಿ ಕೊನೆಗೆ ಎರಡೂ ಲೆಕ್ಕ ಇಟ್ಟೆವು.