ಅದೇ ಗೀತೆ, ಅದೇ ರಾಗ. ನಮ್ಮ ಚರ್ಚಿನ ಕ್ವಾಯರ್ ಹಾಡಿದರೆ ಮಾತ್ರ ಯಾಕೆ ಗಂಟಲು ಉಬ್ಬಿ ಬರಲ್ಲ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕ್ರೈಸ್ತ ಸಭೆಗಳಲ್ಲಿ ಹಾಡು ಕಲಿಸುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: "ಯೂಟ್ಯೂಬಿನಲ್ಲಿ ಯಾವುದೋ ಕ್ವಾಯರ್ ಹಾಡಿದ ಹಳೇ ಗೀತೆ ಕೇಳಿದರೆ ಕಣ್ಣು ತುಂಬಿ ಬರುತ್ತೆ. ಭಾನುವಾರ ಅದನ್ನೇ ನಮ್ಮವರು ಹಾಡಿದರೆ ಹಾಡು ಮುಗಿಯುತ್ತೆ, ಅಷ್ಟೆ. ಯಾಕೆ?"

ಭಕ್ತಿ ಸಾಲದು ಎಂದು ಹೇಳಿಬಿಡುವುದು ಸುಲಭ. ಆದರೆ ಭಕ್ತಿ ಉಕ್ಕಿದಾಗಲೇ ಹಾಡು ಕೆಡುವುದನ್ನು ಕ್ರಿಸ್‌ಮಸ್ ಬೆಳಿಗ್ಗೆ ಯಾವ ಚರ್ಚಿನಲ್ಲಾದರೂ ಕೇಳಬಹುದು. ಅಂದು ಎಲ್ಲರೂ ತಂತಮ್ಮ ದನಿ ಮೇಲೆ ಬರುವಂತೆ ಹಾಡುತ್ತಾರೆ. ಕೇಳುವವರ ಗಂಟಲು ಉಬ್ಬಿ ಬರುವುದು ಯಾರ ದನಿ ಯಾವುದೆಂದು ಗುರುತು ಸಿಗದೆ ಹೋದ ಕ್ಷಣದಲ್ಲಿ. ಮೆಥೊಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ 1761ರಲ್ಲೇ ಹಾಡುವವರಿಗೆ ಏಳು ಸೂಚನೆ ಬರೆದಿಟ್ಟರು. ಉಳಿದವರನ್ನು ಮುಳುಗಿಸುವಂತೆ ಕಿರುಚಬೇಡಿ ಎಂಬುದೂ ಅದರಲ್ಲಿದೆ. ತುಮಕೂರು, ಗುಬ್ಬಿ ಕಡೆಗೆ ಬಂದದ್ದು ಅದೇ ವೆಸ್ಲಿಯನ್ ಮಿಷನ್; ಸೂಚನೆ ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋದಂತಿದೆ.

ಮೊದಲು ಸ್ವರದ ಮಾತು. ಪಾಶ್ಚಾತ್ಯ ಮೇಜರ್ ಸ್ಕೇಲ್ ಎಂದರೆ ನಮ್ಮ ಶಂಕರಾಭರಣದ ಸ್ವರಗಳೇ, ಗಮಕವಿಲ್ಲದೆ. ಸೊಪ್ರಾನೊ (ಹೆಂಗಸರ ಮೇಲಿನ ದನಿ), ಆಲ್ಟೊ (ಹೆಂಗಸರ ಕೆಳಗಿನ ದನಿ), ಟೆನರ್ (ಗಂಡಸರ ಮೇಲಿನ ದನಿ), ಬೇಸ್ (ಗಂಡಸರ ಕೆಳಗಿನ ದನಿ) ನಾಲ್ವರೂ ಸೇರಿ ಸ-ಗ-ಪ ಹಿಡಿದಾಗ ಇಡೀ ಮೇಳ ಮೊಳಗುವುದೋ ಇಲ್ಲವೋ ಎಂಬುದನ್ನು ಗಾಂಧಾರ ತೀರ್ಮಾನಿಸುತ್ತದೆ. ಒಂದು ಅರ್ಧಸ್ವರವನ್ನು 100 ಸೆಂಟ್ ಎಂದಿಟ್ಟುಕೊಂಡರೆ, ಕೀಬೋರ್ಡಿನ ಗಾಂಧಾರ ಷಡ್ಜದೊಡನೆ ಪೂರ್ತಿ ಬೆರೆಯುವ ಸಹಜ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ. ತಂಬೂರಿಯ ಮಂದ್ರ ತಂತಿಯಿಂದ ಯಾರೂ ನುಡಿಸದೆಯೇ ಒಂದು ಅಂತರ ಗಾಂಧಾರ ಹೊಮ್ಮುತ್ತದಲ್ಲ, ಕ್ವಾಯರ್ ಹುಡುಕಬೇಕಾದದ್ದು ಅದನ್ನು. ವಾದ್ಯ ನಿಲ್ಲಿಸಿ ಮೆಲ್ಲಗೆ ಹಾಡಿದರೆ ದನಿಗಳು ಒಂದನ್ನೊಂದು ಕೇಳಿಸಿಕೊಂಡು ತಾವಾಗಿಯೇ ಅಲ್ಲಿಗೆ ಇಳಿಯುತ್ತವೆ. ಸ್ವರಗಳು ಹೊಂದದಾಗ ಕೇಳುವ ಡವಡವ ನಿಂತು, ಹನ್ನೆರಡು ಜನ ಹಾಡಿದ್ದು ಮೂವತ್ತು ಜನರದ್ದು ಎನಿಸುತ್ತದೆ. ಗಾಂಧಾರ ಹಾಡುವವರು ರಿಷಭದಿಂದ ಜಾರಿಕೊಂಡು ಬಂದರೆ ಇಷ್ಟೂ ಹಾಳು. ಕೀರ್ತನೆಯಲ್ಲಿ ಆ ಜಾರು ಬೇಕೇ ಬೇಕು; ನಾಲ್ಕು ಪಾರ್ಟಿನ ಗೀತೆಯಲ್ಲಿ ಅದು ಗೋಡೆಯಿಂದ ಇಟ್ಟಿಗೆ ಕಿತ್ತ ಹಾಗೆ.

ಕಣ್ಣೀರಿನ ಜಾಗ ಇನ್ನೂ ಸಣ್ಣದು. ಸಂಗೀತದ ಯಾವ ಜಾಗದಲ್ಲಿ ಅಳು ಬರುತ್ತದೆ ಎಂದು ಸಂಗೀತದ ಮನಶ್ಶಾಸ್ತ್ರಜ್ಞ ಜಾನ್ ಸ್ಲೊಬೊಡಾ ಕೇಳುಗರಿಂದಲೇ ಗುರುತು ಹಾಕಿಸಿಕೊಂಡು 1991ರಲ್ಲಿ ಪ್ರಕಟಿಸಿದರು. ಮೈ ಜುಮ್ಮೆನ್ನುವುದಕ್ಕೂ ಕಣ್ಣು ಒದ್ದೆಯಾಗುವುದಕ್ಕೂ ಜಾಗ ಬೇರೆ ಬೇರೆ. ಸ್ವರಮೇಳ ನಿರೀಕ್ಷೆ ಮೀರಿ ಬದಲಾದರೆ ಜುಮ್ಮೆನ್ನುತ್ತದೆ. ಕಣ್ಣೀರು ಹೆಚ್ಚಾಗಿ ಬರುವುದು, ಹೊಂದದ ಒಂದು ಸ್ವರ ಭಾರವಾಗಿ ನಿಂತು ಆಮೇಲೆ ಒಂದು ಮೆಟ್ಟಿಲು ಇಳಿಯುವ ಕಡೆ. ಗೀತೆಗಳಲ್ಲಿ ಇದಕ್ಕೆ ಹತ್ತಿರದ್ದು ಆಲ್ಟೊ ಅಥವಾ ಟೆನರ್‌ಗೆ ಸಿಗುತ್ತದೆ: ಉಳಿದವರು ಸ-ಪಕ್ಕೆ ಬಂದು ಕೂತಿರುತ್ತಾರೆ, ಇವರೊಬ್ಬರು ಹಳೆಯ ಮಧ್ಯಮವನ್ನೇ ಹಿಡಿದು ಒಂದು ಎಣಿಕೆ ತಡವಾಗಿ ಗಾಂಧಾರಕ್ಕೆ ಇಳಿಯುತ್ತಾರೆ. ಕೊನೆಯ "ಆಮೆನ್" ಕೂಡ ಹೆಚ್ಚುಕಡಿಮೆ ಇದೇ ಇಳಿತ. ಮ ಗಕ್ಕೆ, ಧ ಪಕ್ಕೆ ಇಳಿಯುತ್ತದೆ, ಷಡ್ಜ ಅಲ್ಲಾಡುವುದಿಲ್ಲ. ನಮ್ಮಲ್ಲಿ ಆಗುವ ತಪ್ಪು ಏನೆಂದರೆ, ಆಲ್ಟೊದವರು ಪಾರ್ಟ್ ಕಲಿಯದೆ ರಾಗಕ್ಕೆ ಮೂರು ಸ್ವರ ಕೆಳಗೆ ಸಿನಿಮಾ ಹಾಡಿನ ಹಾಗೆ ಹಿಂಬಾಲಿಸುವುದು. ಕೇಳಲು ಸಿಹಿ. ಆದರೆ ಆ ತಡೆದು ನಿಲ್ಲುವ ಮಧ್ಯಮ ಮಾಯವಾಯಿತು, ಕಣ್ಣೀರೂ ಅದರೊಂದಿಗೇ ಹೋಯಿತು.

ಉಸಿರು. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 15 ಮಂದಿ ಹಾಡುತ್ತಿರುವಾಗ ಅವರ ಹೃದಯ ಬಡಿತ ಅಳೆದರು. ಹಾಡಿಸಿದ್ದರಲ್ಲಿ ಒಂದು ಚರ್ಚಿನ ಗೀತೆಯೇ. ಸಾಲಿನ ಕೊನೆಯಲ್ಲಿ ಒಟ್ಟಿಗೆ ಉಸಿರೆಳೆದವರ ಬಡಿತವೂ ಒಟ್ಟಿಗೇ ಏರುತ್ತಾ ಇಳಿಯುತ್ತಾ ಹೋಯಿತು. ಉಸಿರು ಬಿಡುವಾಗ ಹೃದಯ ನಿಧಾನಿಸುತ್ತದೆ. ಹಾಡುವುದೆಂದರೆ ಉದ್ದಕ್ಕೆ ಉಸಿರು ಬಿಡುವುದು ತಾನೆ? ನಿಮಿಷಕ್ಕೆ 60 ಎಣಿಕೆಯಲ್ಲಿ ಎಂಟು ಎಣಿಕೆಯ ಸಾಲಿಗೊಂದು ಉಸಿರು ಎಂದರೆ ನಿಮಿಷಕ್ಕೆ ಏಳೆಂಟು ಉಸಿರು. ಸುಮ್ಮನೆ ಕೂತಾಗ 12ರಿಂದ 20. ಹಾಗಾಗಿ 90ರ ವೇಗದಲ್ಲಿ ಡ್ರಮ್ ಪ್ಯಾಟರ್ನ್ ಹಾಕಿ ಹಳೇ ಗೀತೆ ಓಡಿಸಿದರೆ ಉತ್ಸಾಹ ಬಂದೀತು, ಆ ನೆಮ್ಮದಿ ಬಾರದು. ಸಾಲು ಮುಗಿದರೂ ಅರ್ಥ ಮುಗಿಯದ ಕಡೆ ಉಸಿರು ಕದಿಯಬೇಕು: ಪಕ್ಕದವರು ಎಳೆಯುವಾಗ ನೀವು ಎಳೆಯಬೇಡಿ. ಪದದ ಅಂಚಿನಲ್ಲಿ ಬೇಡ, ಉದ್ದ ಸ್ವರದ ನಡುವೆ ಮೆಲ್ಲಗೆ ಬಿಟ್ಟು ಮೆಲ್ಲಗೆ ಸೇರಿಕೊಳ್ಳಿ.

ಇನ್ನು ಕನ್ನಡ. ಹೆಚ್ಚು ಕೆಡುವುದು ಇಲ್ಲೇ.

ನಮ್ಮ ಪದಗಳೆಲ್ಲ ಹೆಚ್ಚುಕಡಿಮೆ ಸ್ವರಾಂತ್ಯ. ಕ್ವಾಯರಿಗೆ ಇದು ವರ. ಇಂಗ್ಲಿಷಿನಲ್ಲಿ ಸಾಲಿನ ಕೊನೆಗೆ "ಸ್ಸ್" ಎಂದು ಹತ್ತು ಜನ ಹತ್ತು ಹೊತ್ತಿಗೆ ಬುಸುಗುಡುವ ಕಾಟ ನಮಗಿಲ್ಲ. ಆದರೆ ನಮ್ಮ ನುಡಿ ಗುರು-ಲಘುವಿನ ಮೇಲೆ ನಿಂತದ್ದು, ಆ ಪಾಶ್ಚಾತ್ಯ ರಾಗಗಳು ಹುಟ್ಟಿದ್ದು ಉಚ್ಚಾರಣೆಯ ಒತ್ತಿನ ಮೇಲೆ. "ನಿನ್ನ ಬಲ" ಎಂಬಲ್ಲಿ "ಬ" ಮೂರು ಎಣಿಕೆಯ ಸ್ವರಕ್ಕೆ ಬಿದ್ದರೆ ಸಭೆಗೆ ಕೇಳುವುದು "ನಿನ್ನ ಬಾಲ". ಮನ ಮಾನವಾಗುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಮಕ್ಕಳು ನಕ್ಕರೆ ತಪ್ಪು ಮಕ್ಕಳದ್ದಲ್ಲ. ಲಘುವನ್ನು ಚಿಕ್ಕದಾಗಿಯೇ ಮುಟ್ಟಿ ಮುಂದಿನ ಅಕ್ಷರದ ಮೇಲೆ ನಿಲ್ಲುವುದು ಒಂದು ದಾರಿ. ಇಲ್ಲವಾದರೆ ಪದವನ್ನೇ "ಶಕ್ತಿ"ಯಂಥ ಗುರುವಿನಿಂದ ಶುರುವಾಗುವ ಪದಕ್ಕೆ ಬದಲಿಸಿ, "ಕ್ತಿ"ಯನ್ನು ಎಲ್ಲರೂ ಒಂದೇ ಎಣಿಕೆಗೆ ಮುಚ್ಚಿ. ನಾಲ್ಕು ಸಾಲಿಗೆ ಕ್ರಮವಾಗಿ 8.6.8.6 ಅಕ್ಷರಗಳ ರಾಗಗಳು ಸಾಮಾನ್ಯವಾಗಿ ಒತ್ತಿಲ್ಲದ ಎಣಿಕೆಯಿಂದ ಹೊರಡುತ್ತವೆ, ಕನ್ನಡ ಪದದ ತೂಕವೋ ಮೊದಲ ಅಕ್ಷರದಲ್ಲಿ. "ಓ", "ಈ", "ನೀ" ಎಂಬಂಥ ಒಂಟಿ ಅಕ್ಷರದಿಂದ ಶುರುವಾದ ಅನುವಾದಗಳು ಬಾಯಿಗೆ ಕೂರುವುದು ಅದಕ್ಕೇ. ಒತ್ತಿನಿಂದಲೇ ಶುರುವಾಗುವ 8.7.8.7 ರಾಗಗಳು ಕನ್ನಡಕ್ಕೆ ಹೇಳಿ ಮಾಡಿಸಿದಂತಿರುತ್ತವೆ.

ಜಿಲ್ಲೆ ದಾಟಿದರೆ ಇನ್ನೊಂದು ತೊಡಕು. ತುಮಕೂರಿನದು ವೆಸ್ಲಿಯನ್ ಮೂಲ, ಚಿಕ್ಕಬಳ್ಳಾಪುರದ್ದು ಲಂಡನ್ ಮಿಷನ್. ಎರಡೂ 1947ರ ಸೆಪ್ಟೆಂಬರ್ 27ರಂದು ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆದವು. ಕೋಲಾರದ ಅಮೆರಿಕನ್ ಮೆಥೊಡಿಸ್ಟರು ಹೊರಗೇ ಉಳಿದರು. ಹೀಗಾಗಿ ಒಂದೇ ರಾಗಕ್ಕೆ ಬೇರೆ ಬೇರೆ ಪದಗಳಿರಬಹುದು. ಕೂಡು ಆರಾಧನೆಗೆ ಮುಂಚೆ ಯಾವ ಪುಸ್ತಕ, ಯಾವ ಚರಣಗಳು ಎಂದು ನಿಗದಿ ಮಾಡಿಕೊಳ್ಳಿ. ಕೋಲಾರ ಭಾಗದಲ್ಲಿ ಮನೆಯಲ್ಲಿ ತೆಲುಗು, ತಮಿಳು ಆಡಿ ಚರ್ಚಿನಲ್ಲಿ ಕನ್ನಡ ಓದುವವರು ಬಹಳ. "ಎ", "ಒ"ಗಳ ಅಗಲ ಒಬ್ಬೊಬ್ಬರದು ಒಂದೊಂದು. ಸ್ವರಾಕ್ಷರ ಒಂದಾಗದೆ ಶ್ರುತಿ ಒಂದಾಗದು. ರಾಗ ಬಿಟ್ಟು ಬರೀ ಪದಗಳನ್ನು ತಾಳಕ್ಕೆ ಓದಿಸಿ.

ಶನಿವಾರದ ಪ್ರಾಕ್ಟೀಸ್ ಒಂದೂವರೆ ಗಂಟೆ ಸಾಕು. ಹನ್ನೆರಡು ಜನರಿದ್ದರೆ ಸೊಪ್ರಾನೊ 4, ಆಲ್ಟೊ 3, ಟೆನರ್ 2, ಬೇಸ್ 3. ಪದ ಓದಿ, ಎಲ್ಲರೂ ರಾಗ ಕಲಿತು, ಆಮೇಲೆ ಬೇಸ್. ಸೊಪ್ರಾನೊ-ಬೇಸ್ ಎರಡೇ ಗಟ್ಟಿಯಾಗಿ ನಿಂತ ಮೇಲೆ ಟೆನರ್, ಕೊನೆಗೆ ಆಲ್ಟೊ. ಗಂಡಸರು ಸಾಲದಿದ್ದರೆ ಟೆನರ್ ಬಿಟ್ಟು ಮೂರೇ ಪಾರ್ಟ್ ಹಾಡಿ. ಒಬ್ಬನೇ ಟೆನರ್ ಕತ್ತು ಉಬ್ಬಿಸಿ ಹಾಡುವುದಕ್ಕಿಂತ ಅದು ಮೇಲು. ಪುಸ್ತಕದಲ್ಲಿ ಇ ಫ್ಲ್ಯಾಟ್ ಇದ್ದರೆ ಡಿಗೆ ಇಳಿಸಿ, ಡಿಸೆಂಬರಿನ ಚಳಿ ಬೆಳಿಗ್ಗೆಗೆ ಇನ್ನೊಂದು ಮನೆ (ಅರ್ಧಸ್ವರ) ಕೆಳಗೆ.

ಖಾಲಿ ಚರ್ಚಿನಲ್ಲಿ ಅದ್ಭುತವಾಗಿ ಕೇಳಿದ್ದು ಭಾನುವಾರ ಸಪ್ಪೆಯಾಗುವುದಕ್ಕೂ ಲೆಕ್ಕವಿದೆ. 25 ಮೀಟರ್ ಉದ್ದ, 10 ಅಗಲ, 8 ಎತ್ತರದ ಹಳೇ ಕಟ್ಟಡ ಎಂದುಕೊಳ್ಳಿ, 2000 ಘನ ಮೀಟರ್. ಗೋಡೆ, ಮಾಡು, ಬೆಂಚು ಸೇರಿ 130 ಚದರ ಮೀಟರಿನಷ್ಟು ಸದ್ದು ಹೀರಿದರೆ ಅನುರಣನ, ಅಂದರೆ ಸದ್ದು ಕಟ್ಟಡದಲ್ಲಿ ಮೊಳಗುತ್ತಾ ಉಳಿಯುವ ಹೊತ್ತು, ಸುಮಾರು ಎರಡೂವರೆ ಸೆಕೆಂಡ್. 250 ಜನ ಬಂದು ಕೂತರೆ ಅವರ ಮೈ-ಬಟ್ಟೆ ಇನ್ನೊಂದು 110ರಷ್ಟು ಹೀರಿ ಅದನ್ನು 1.3ಕ್ಕೆ ಇಳಿಸುತ್ತವೆ. ಆಗ ಮಿಕ್ಸರಿನ ಎಕೋ ತಿರುಗಿಸುವವರ ಕೈ ಹಿಡಿಯಿರಿ. ಎಕೋ ಪದವನ್ನು ತಿನ್ನುತ್ತದೆ. ತಲೆಗೊಂದು ಮೈಕ್ ಕೊಟ್ಟರೂ ಅಷ್ಟೆ, ಮೇಳ ಒಡೆದು ಹನ್ನೆರಡು ಸೋಲೊ ಆಗುತ್ತದೆ. ಎರಡೇ ಮೈಕ್, ಎರಡು ಮೀಟರ್ ದೂರದಲ್ಲಿ, ತಲೆಗಿಂತ ಸ್ವಲ್ಪ ಮೇಲೆ.

ನಾಲ್ಕು ಚರಣವಿದ್ದರೆ ಒಂದನೆಯದು ಎಲ್ಲರೂ ರಾಗವನ್ನೇ ಹಾಡಿ, ಎರಡನೆಯದು ಪಾರ್ಟ್‌ಗಳಲ್ಲಿ. ಮೂರನೆಯದಕ್ಕೆ ಕೀಬೋರ್ಡ್ ನಿಲ್ಲಲಿ. ಮದುವೆಗೋ ಮಣ್ಣಿಗೋ ಕೇಳಿದ್ದ ಅದೇ ಸಾಲು ಇದ್ದಕ್ಕಿದ್ದಂತೆ ಬರೀ ಮನುಷ್ಯರ ದನಿಯಲ್ಲಿ ಕೇಳಿದಾಗಲೇ ಬೆಂಚುಗಳಲ್ಲಿ ಕರ್ಚೀಫು ಹೊರಬರುವುದು. ಅಪಾಯವೂ ಅಲ್ಲೇ: ಸ್ವರದಿಂದ ಸ್ವರಕ್ಕೆ ಇಳಿಯುವ ಹೆಜ್ಜೆಗಳನ್ನು ಅಗಲವಾಗಿ, ಏರುವವನ್ನು ಕಿರಿದಾಗಿ ಹಾಡಿ ಶ್ರುತಿ ಅರ್ಧ ಮನೆ ಬಿದ್ದಿರುತ್ತದೆ, ನಾಲ್ಕನೆಯ ಚರಣಕ್ಕೆ ಕೀಬೋರ್ಡ್ ಸೇರಿದಾಗ ಬಾಂಬ್ ಬಿದ್ದಂತಾಗುತ್ತದೆ. ಬಿದ್ದಿದ್ದು ಕಿವಿಗೆ ಗೊತ್ತಾದರೆ ನಾಲ್ಕನೆಯದನ್ನೂ ವಾದ್ಯವಿಲ್ಲದೆ ಮುಗಿಸಿ. ಬೀಳದಿದ್ದರೆ ಇಡೀ ಸಭೆ ಎದ್ದು ರಾಗ ಹಾಡಲಿ, ನಾಲ್ಕು ಸೊಪ್ರಾನೊಗಳು ಮೇಲೆ ಬೇರೆ ಎಳೆ ಹಾಡಲಿ.

ಕೊನೆಯ ಸ್ವರ ಬಿಟ್ಟ ಮೇಲೆ ಕಟ್ಟಡ ಇನ್ನೂ ಒಂದೆರಡು ಸೆಕೆಂಡ್ ಹಾಡುತ್ತಿರುತ್ತದೆ. ಅಷ್ಟರಲ್ಲಿ "ಕುಳಿತುಕೊಳ್ಳೋಣ" ಎನ್ನಬೇಡಿ ಎಂದು ಸಭಾಪಾಲಕರಿಗೆ ಶನಿವಾರವೇ ಹೇಳಿಡಿ.