ಹಂಪಿ ದಾರಿಯಲ್ಲಿ ಇಟಗಿಗೆ ಅರ್ಧ ದಿನ ಇಟ್ಟುಕೊಳ್ಳಿ

ಹುಬ್ಬಳ್ಳಿ ಕಡೆಯಿಂದ ಹಂಪಿಗೆ ಹೋಗುವವರು ಗದಗ, ಕೊಪ್ಪಳ ದಾಟಿಯೇ ಹೋಗುತ್ತಾರೆ. ಆದರೆ ನಡುವೆ ಇಟಗಿಯ ಕಡೆ ಗಾಡಿ ತಿರುಗಿಸುವವರು ಕಡಿಮೆ. ಚಾಲುಕ್ಯರ ಕಾಲದ ಒಂದೇ ಒಂದು ಗುಡಿ ನೋಡುವಷ್ಟು ಸಮಯ ಇದ್ದರೆ, ನನ್ನ ಮಟ್ಟಿಗೆ ಅದು ಇಟಗಿಯ ಮಹಾದೇವ ಗುಡಿಯೇ.

ಹೆದ್ದಾರಿಯಲ್ಲಿ ಭಾನಾಪುರದ ಹತ್ತಿರ ತಿರುಗಿ ಮೊದಲು ಕುಕನೂರಿಗೆ ಹೋಗಿ. ಅಲ್ಲಿಂದ ಇಟಗಿ 7-8 ಕಿ.ಮೀ. ಬಸ್ಸಿನಲ್ಲಿ ಬರುವವರೂ ಕುಕನೂರಿಗೆ ಬಂದು, ಮುಂದೆ ಆಟೋ ಮಾತಾಡಿಕೊಳ್ಳುವುದು ಒಳ್ಳೆಯದು. ವಾಪಸ್ ಬರುವುದನ್ನೂ ಸೇರಿಸಿ ಮಾತಾಡಿ. ಊಟವನ್ನು ಕುಕನೂರಿನ ಖಾನಾವಳಿಯಲ್ಲೇ ಮುಗಿಸಿಬಿಡಿ.

ಕುಕನೂರು ಮೊದಲು ಅಂದಿದ್ದಕ್ಕೆ ಊಟ ಒಂದೇ ಕಾರಣ ಅಲ್ಲ. ಅಲ್ಲಿನ ನವಲಿಂಗ ಗುಡಿ 9ನೇ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಕಲ್ಲೇಶ್ವರ ಗುಡಿ 10ನೇ ಶತಮಾನದ್ದು. ಇವೆರಡನ್ನೂ ನೋಡಿ ಇಟಗಿಗೆ ಹೋದರೆ ಶಿಲ್ಪಿಗಳ ಕೈ ಎಷ್ಟು ಪಳಗಿತು ಅನ್ನೋದು ಯಾರೂ ಹೇಳಿಕೊಡದೇ ಗೊತ್ತಾಗುತ್ತದೆ.

ಇಟಗಿಯ ಗುಡಿ ಕಟ್ಟಿಸಿದ್ದು 1112ರಲ್ಲಿ. ಕಟ್ಟಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಗುಡಿಯ ಶಾಸನವೇ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಆವರಣದಲ್ಲಿ ದಂಡನಾಯಕನ ತಂದೆಯ ಹೆಸರಿನ ಮೂರ್ತಿನಾರಾಯಣ ಗುಡಿ, ತಾಯಿಯ ಹೆಸರಿನ ಚಂದ್ರಲೇಶ್ವರಿ ಗುಡಿಯೂ ಇವೆ. ಸುತ್ತ ಸಣ್ಣಪುಟ್ಟ ಲಿಂಗದ ಗುಡಿಗಳು, ಎದುರಿಗೆ ಪುಷ್ಕರಣಿ.

ಬೇಲೂರು, ಹಳೇಬೀಡು ನೋಡಿ ಬಂದವರು ಗೋಡೆಯ ಮೇಲೆ ಸಾಲು ಸಾಲು ದೇವರ ಮೂರ್ತಿಗಳನ್ನು ಹುಡುಕಬೇಡಿ. ಇಲ್ಲಿನ ಸೊಗಸು ಬೇರೆ. ಗೋಡೆಯ ತುಂಬ ಅರೆಗಂಬಗಳು, ಅವುಗಳ ತಲೆಯ ಮೇಲೆ ಅಂಗೈಯಗಲದಲ್ಲೂ ಕೆತ್ತನೆ ಬಿಡದ ಪುಟ್ಟ ಪುಟ್ಟ ಗೋಪುರಗಳು. ಇಷ್ಟು ಸಣ್ಣ ಕೆಲಸ ಸಾಧ್ಯವಾಗಿದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಬಾದಾಮಿಯ ಚಾಲುಕ್ಯರ ಮರಳುಗಲ್ಲನ್ನು ಬಿಟ್ಟು ಕಲ್ಯಾಣದ ಚಾಲುಕ್ಯರು ಈ ಕಲ್ಲಿಗೆ ಬಂದರು. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಈ ಬದಲಾವಣೆಯ ಮೊದಲ ಉದಾಹರಣೆಗಳಲ್ಲಿ ಒಂದು, ಸುಮಾರು 1050ರದ್ದು. ಮುಂದೆ ಹೊಯ್ಸಳರೂ ಇದೇ ಕಲ್ಲನ್ನು ಹಿಡಿದರು.

ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಮೊದಲು ಸಿಗೋದು ತೆರೆದ ಕಂಬಗಳ ಮಂಟಪ. ಕೆಲವು ಕಂಬ ತಿರುಗಣೆಯಲ್ಲಿ ಕಡೆದವು. ಒಂದರ ಮುಂದೆ ನಿಂತು ಉಂಗುರದಂಥ ಅಂಚುಗಳನ್ನು ನೋಡಿ, ಅಷ್ಟು ತೂಕದ ಕಲ್ಲನ್ನು ತಿರುಗಿಸಿದ್ದಾದರೂ ಹೇಗೆ ಅನ್ನಿಸದೇ ಇರಲ್ಲ. ಆ ಮಂಟಪದ ಹಿಂದೆ ನವರಂಗ, ಅಂದರೆ ಗೋಡೆ ಇರುವ ಒಳಮಂಟಪ, ಅದಕ್ಕೆ ಉತ್ತರ ದಕ್ಷಿಣಕ್ಕೂ ಬಾಗಿಲು. ಒಳಗೆ ಬೆಳಕು ಕಡಿಮೆ, ಹಾಗಾಗಿ ಒಂದು ಟಾರ್ಚ್ ಇರಲಿ. ಶಿಖರದ ತುದಿಯ ಕಳಶ ಮಾತ್ರ ಉಳಿದಿಲ್ಲ.

ಮಟಮಟ ಮಧ್ಯಾಹ್ನ ಹೋಗಬೇಡಿ. ನೆತ್ತಿ ಬಿಸಿಲಲ್ಲಿ ಕೆತ್ತನೆ ಸಪ್ಪೆ ಕಾಣುತ್ತದೆ. ಬೆಳಗ್ಗೆ ಅಥವಾ ನಾಲ್ಕು ಗಂಟೆಯ ಮೇಲಿನ ಓರೆ ಬಿಸಿಲಲ್ಲಿ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಂತೂ ಬರಿಗಾಲಿಗೆ ಕಲ್ಲು ಸುಡುತ್ತದೆ, ದಪ್ಪ ಸಾಕ್ಸ್ ಇಟ್ಟುಕೊಳ್ಳಿ.

ಗದಗದಲ್ಲಿ ಉಳಿದುಕೊಂಡರೆ ಬೆಳಗ್ಗೆ ಹತ್ತಿರದ ಲಕ್ಕುಂಡಿಯ ಗುಡಿಗಳನ್ನು ಮುಗಿಸಿ, ಕುಕನೂರಲ್ಲಿ ಊಟ ಮಾಡಿ, ಸಂಜೆಗೆ ಇಟಗಿ ನೋಡಿ ಹೊಸಪೇಟೆ ಸೇರಬಹುದು. ಚಿಕ್ಕ ಮಕ್ಕಳಿದ್ದರೆ ಲಕ್ಕುಂಡಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಜಾಸ್ತಿ ಆಗುತ್ತದೆ.